ಅದೇ ಬೋರ್ಡು, ಬೇರೆ ಬಸ್ಸು

ಖಾದರ್, ಆ ಕಾದಂಬರಿಯ ಕೊನೆಯ ಭಾಗವನ್ನು ನಾನು ನಿನಗೆ ಓದಿ ಹೇಳಲಿಲ್ಲ. ನಾನೇ ಕಟ್ಟಿ ಹೇಳಿದೆ. ಬರೆದವನನ್ನು ನೀನು ಹೊಗಳಿದಾಗಲೆಲ್ಲ ಸುಮ್ಮನೆ ಕೇಳಿಸಿಕೊಂಡೆ — ಸುಮ್ಮನೆ ಅಲ್ಲ, ಖುಷಿಯಿಂದ.

ಇವತ್ತು ಭಾನುವಾರ, ಬೆಳಿಗ್ಗೆ ಆರು ಗಂಟೆ. ಮನೆಯಲ್ಲಿ ನಾನು, ಒಳಗೆ ಒಲೆಯ ಮೇಲೆ ಚಹಾ ಇಟ್ಟಿರುವ ಹೆಂಡತಿ ಪಾರ್ವತಿ. ಅವಳಿಗೂ ಇದು ಗೊತ್ತಿಲ್ಲ. ಎಂದಿನಂತೆ ಸಂಜೆ ನಾಲ್ಕಕ್ಕೆ ನಿನ್ನ ಬ್ಯಾಟರಿ ಅಂಗಡಿಯ ಬೆಂಚಿನ ಮೇಲೆ ಕೂತು ಇದನ್ನು ಓದುತ್ತೇನೆ. ಬಾಯಿಗೆ ಬಿಟ್ಟರೆ ಮತ್ತೆ ಏನಾದರೂ ಕಟ್ಟಿಬಿಟ್ಟೇನು, ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಕ್ರಮ ತಪ್ಪಿದರೆ ನನ್ನ ಕೈ ಓಡುವುದಿಲ್ಲ.

ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ನಾನು ಕಂಟ್ರೋಲರ್ ಆಗಿದ್ದೆ. ಕೊಟ್ಟೂರು, ಕೂಡ್ಲಿಗಿ, ಹಡಗಲಿ — ಯಾವ ಬಸ್ಸು ಎಷ್ಟೊತ್ತಿಗೆ ಬಿಡಬೇಕೋ ಅಷ್ಟೊತ್ತಿಗೆ ಬಿಡಿಸಿದ್ದೇನೆ. ಬರಬೇಕಾದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತರೆ ‘ಬಸ್ಸಿಲ್ಲ’ ಎಂದು ಮೈಕಿನಲ್ಲಿ ಹೇಳಿದವನಲ್ಲ. ನಿಂತಿದ್ದ ಇನ್ನೊಂದು ಬಸ್ಸಿಗೆ ಅದೇ ಬೋರ್ಡು ಹಾಕಿಸಿ ಕಳಿಸುತ್ತಿದ್ದೆ. ಜನ ತಮ್ಮ ಊರು ಸೇರುತ್ತಿದ್ದರು. ಆ ಹೆಮ್ಮೆ ನನಗೆ ಈಗಲೂ ಇದೆ. ಈ ತಪ್ಪು ಹುಟ್ಟಿದ್ದೂ ಅದರ ಹೊಟ್ಟೆಯಲ್ಲೇ.

ಸಕ್ಕರೆ ಕಾಯಿಲೆಗೆ ನಿನ್ನ ಕಣ್ಣು ಹೋದಾಗ ನೀನು ಅತ್ತದ್ದು ಅಂಗಡಿಗಾಗಿ ಅಲ್ಲ, ಕಾದಂಬರಿಗಳಿಗಾಗಿ. ಟ್ಯಾಬಿನಲ್ಲಿ ಪುಸ್ತಕ ಕೊಂಡರೆ ಅದೇ ಓದಿ ಹೇಳುತ್ತದೆ ಎಂದು ಕೇಳಿ, ನಾನು ಆನ್‌ಲೈನ್ ಅಂಗಡಿಯೊಂದರಲ್ಲಿ ಅಣ್ಣ ತಮ್ಮಂದಿರ ಕಥೆಯೊಂದನ್ನು ಕೊಂಡೆ. ಟ್ಯಾಬು ಸುದ್ದಿ ಓದಿತು, ನನಗೆ ಬಂದ ಮೆಸೇಜುಗಳನ್ನೂ ಓದಿತು. ಈ ಪುಸ್ತಕದ ಮುಂದೆ ಮಾತ್ರ ಬಾಯಿ ಬಿಡಲಿಲ್ಲ. ಧ್ವನಿಗೆ ಪ್ರಕಾಶಕರ ಅನುಮತಿ ಇಲ್ಲವಂತೆ. ಪ್ರಿಂಟ್ ತೆಗೆಯಲಿಕ್ಕೂ ಬಿಡಲಿಲ್ಲ.

“ರೊಕ್ಕ ಕೊಟ್ಟು ಮೂಕ ಗಿಳಿ ತಂದಿಯಲ್ಲೋ ಕೊಟ್ರಾ” ಎಂದು ನೀನು ನಕ್ಕೆ.

ಹಾಗಾಗಿ ನಾನೇ ಓದಲು ಕೂತೆ. ದಿನಾ ನಾಲ್ಕರಿಂದ ಐದು. ಮದುವೆ, ಹಬ್ಬ, ಜ್ವರ — ಯಾವುದಕ್ಕೂ ತಪ್ಪಿಸಲಿಲ್ಲ. ಕಥೆಯಲ್ಲಿ ತಮ್ಮನ ಮೇಲಿನ ಸಿಟ್ಟಿಗೆ ಅಣ್ಣ ಭೀಮಣ್ಣ ಎರಡು ಮನೆಗಳ ನಡುವಿನ ಬಾಗಿಲು ಮುಚ್ಚಿದ. ತಮ್ಮ ಊರು ಬಿಟ್ಟು ಹೋದ. ಅಲ್ಲಿಯವರೆಗೆ ನಾನು ಓದಿದ್ದು ಪುಸ್ತಕದ್ದೇ.

ಮರುದಿನ ಮನೆ ಬಿಡುವ ಮೊದಲು ತೆರೆದು ನೋಡಿದರೆ ಮುಖಪುಟ ಬೂದಿ ಬಣ್ಣಕ್ಕೆ ತಿರುಗಿತ್ತು. ಒತ್ತಿದರೆ ತೆರೆಯದು. ಆ ಅಂಗಡಿ ಇ-ಪುಸ್ತಕದ ವ್ಯಾಪಾರ ನಿಲ್ಲಿಸಿತ್ತು. ಮಾರಿದ್ದನ್ನೆಲ್ಲ ಹಿಂದಕ್ಕೆ ಎಳೆದುಕೊಂಡಿತ್ತು. ನಾವು ಪುಸ್ತಕ ಮಾರಿಲ್ಲ, ಓದಲು ಪರವಾನಗಿ ಕೊಟ್ಟಿದ್ದೆವು ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಪಾಸು ಕೊಟ್ಟ ಮಾತ್ರಕ್ಕೆ ಬಸ್ಸು ಪ್ರಯಾಣಿಕನದಾಗುವುದಿಲ್ಲ — ಅದು ನನಗೆ ಅರ್ಥವಾಗದ ಮಾತೇನಲ್ಲ. ಆದರೆ ಪಾಸಿನವನನ್ನು ನಡುದಾರಿಯಲ್ಲಿ ಇಳಿಸಿದವನೂ ನಾನಲ್ಲ. ಮೊದಲೇ ಎಚ್ಚರಿಸಿ ಮೆಸೇಜುಗಳು ಬಂದಿದ್ದವು. ಓದದೆ ಅಳಿಸಿದ್ದು ನಾನೇ.

ಆಗ ನಿನಗೆ ಹೇಳಬಹುದಿತ್ತು. ಬಸ್ಸಿಲ್ಲ ಎಂದು ಹೇಳಬಹುದಿತ್ತು — ಹೇಳಲಿಲ್ಲ. ಅದೇ ಬೋರ್ಡು ಹಾಕಿ ಬೇರೆ ಬಸ್ಸು ಬಿಟ್ಟೆ.

ಖಾಲಿ ಗಾಜಿನ ಮೇಲೆ ಬೆರಳಾಡಿಸಿ ಪುಟ ತಿರುಗಿಸಿದೆ. ನಿನಗೆ ಕಾಣುವುದಿಲ್ಲ, ಮತ್ತೆ ಯಾರಿಗಾಗಿ ತಿರುಗಿಸಿದೆನೋ. ತಮ್ಮನನ್ನು ಕಾಣಲೆಂದು ಭೀಮಣ್ಣನನ್ನು ಮುಂಜಾನೆಯ ಮೊದಲ ಬಸ್ಸಿಗೆ ಹತ್ತಿಸಿದೆ. ಚಾಲಕ ಇಂಜಿನ್ನಿನ ಮುಚ್ಚಳದ ಮೇಲೆ ಟವೆಲ್ ಹಾಸಿ ಮುದುಕರನ್ನು ಕೂರಿಸುವುದು, ಹುಲ್ಲಿನ ಹೊರೆಯವಳ ಜೊತೆ ಕಂಡಕ್ಟರನ ಜಗಳ, ಎಲ್ಲ ಹೇಳಿದೆ. ನೀನು ತೊಡೆ ತಟ್ಟಿ ಹೇಳಿದೆ: “ಈ ಬರದಾವಗ ಬಸ್ಸಿನ ಸುದ್ದಿ ಚಲೋ ಗೊತ್ತೈತಿ ನೋಡಲೇ. ನಿನಗಿಂತ ಚಲೋ ಗೊತ್ತೈತಿ.” ಅಂದು ಮನೆಗೆ ಹೋಗುವಾಗ ನನ್ನ ಕಾಲು ನೆಲಕ್ಕೆ ತಾಗಲಿಲ್ಲ, ಖಾದರ್.

ನನ್ನ ಕಥೆಯಲ್ಲಿ ತಮ್ಮ ಮೊದಲ ಸಲ ಮುಖ ತಿರುಗಿಸಿದ. ಅಣ್ಣ ಎರಡನೇ ಸಲ ಹೋದ, ಒಂದು ಮಾತು ಹೇಳಿದ, ಬಾಗಿಲು ತೆರೆಯಿತು.

ಅದು ಮುಗಿದ ಮೇಲೆ ನೀನು ನನ್ನ ಮೊಣಕೈ ಹಿಡಿದುಕೊಂಡೆ. ಗುಡೇಕೋಟೆಗೆ ಕರೆದುಕೊಂಡು ಹೋಗು ಎಂದೆ. ಅಲ್ಲಿ ನಿನ್ನ ತಂಗಿ ಜೈಬೂನಳ ಮನೆ. ಅವಳು ಮಗಳ ಮದುವೆ ಗೊತ್ತುಮಾಡುವಾಗ ನಿನ್ನನ್ನು ಕೇಳಲಿಲ್ಲವೆಂದು ನೀನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಕೊಟ್ಟೂರು, ಕೂಡ್ಲಿಗಿ ದಾಟಿ ಹೋದೆವು. ಅವಳು ಬಾಗಿಲಲ್ಲೇ ನೀರು ಕೊಟ್ಟಳು. ಕೂಡು ಎನ್ನಲಿಲ್ಲ. “ಕಣ್ಣು ಹೋದ ಮ್ಯಾಲ ನಮ್ಮನಿ ಕಾಣ್ತೇನು ಅಣ್ಣಾ” ಎಂದಳು. ನೀನು ಚೊಂಬನ್ನು ಬಾಯಿಗೆತ್ತದೆ ಹೊಸ್ತಿಲ ಮೇಲಿಟ್ಟೆ.

ವಾಪಸು ಬರುವಾಗ ಕೊಟ್ಟೂರಿನ ನಿಲ್ದಾಣದಲ್ಲಿ ಕೂತು ನೀನು ಕೇಳಿದೆ: “ಎರಡನೇ ಸಲ ಭೀಮಣ್ಣ ತಮ್ಮಗ ಒಂದು ಮಾತು ಹೇಳ್ತಾನಲ್ಲ, ಅದನ್ನ ಇನ್ನೊಮ್ಮೆ ಓದು.”

ಟ್ಯಾಬು ನನ್ನ ಚೀಲದಲ್ಲೇ ಇತ್ತು. ಹೇಳಿದ ಮಾತು ನನಗೇ ಸರಿಯಾಗಿ ನೆನಪಿರಲಿಲ್ಲ.

“ತೆರಿಯಂಗಿಲ್ಲಪ್ಪ. ಒಮ್ಮೆ ಓದಿದ ಪುಟ ತಿರುಗಿ ತೆರೀಬಾರ್ದಂತ ಬೀಗ ಹಾಕ್ಯಾರ.”

ನೀನು ನಂಬಿದೆ. ಬಾಯಿಗೆ ಬೀಗ ಹಾಕಿದವರು ಪುಟಕ್ಕೂ ಹಾಕಿಯಾರು ಎಂದೆ. ಇ-ಪುಸ್ತಕದ ಬಗ್ಗೆ ಈಗ ಏನು ಹೇಳಿದರೂ ಜನ ನಂಬುತ್ತಾರೆ. ನಾನು ಆ ಸಂದಿಯಲ್ಲಿ ನುಸುಳಿ ಪಾರಾದೆ. ಕಥೆ ಕಟ್ಟಿದ್ದಕ್ಕೆ ನನಗೆ ಅಷ್ಟು ನಾಚಿಕೆಯಿಲ್ಲ. ಈ ಮಾತಿಗೆ ಇದೆ.

ಹೋದ ತಿಂಗಳು ಹಗರಿಬೊಮ್ಮನಹಳ್ಳಿಯ ಬೀಗರ ಮನೆಯ ಕಪಾಟಿನಲ್ಲಿ ಅದೇ ಕಾದಂಬರಿಯ ಅಚ್ಚಿನ ಪ್ರತಿ ಕಂಡಿತು. ಒಯ್ಯಲೇ ಎಂದು ಕೇಳಿದೆ. ಅದಕ್ಕೇನು ಕೇಳುತ್ತೀರಿ ಎಂದು ಕೈಗೆ ಕೊಟ್ಟರು. ಅಷ್ಟೇ. ನಾವು ಓದದೆ ಉಳಿದಿದ್ದ ಭಾಗವನ್ನು ಬಸ್ಸಿನಲ್ಲೇ ಓದಿ ಮುಗಿಸಿದೆ. ಅದರಲ್ಲಿ ಭೀಮಣ್ಣ ಹೋಗುವುದೇ ಇಲ್ಲ, ಖಾದರ್. ಮುಚ್ಚಿದ ಬಾಗಿಲಿಗೆ ತಾನೇ ಇಟ್ಟಿಗೆ ಕಟ್ಟಿ, ದಿನಾ ಸಂಜೆ ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾನೆ. ಆಚೆ ಕಡೆ ಯಾರೂ ಇಲ್ಲ. ಅಲ್ಲಿಗೆ ಮುಗಿಯುತ್ತದೆ.

ಬರೆದವನು ನನಗಿಂತ ದೊಡ್ಡವನು, ಒಪ್ಪುತ್ತೇನೆ. ಆದರೆ ಬಸ್ಸಿನ ಭಾಗ ನನ್ನದೇ ಚೆನ್ನ.

ಆಗಲೂ ಸುಮ್ಮನಿದ್ದೆ. ಆದರೆ ಮೊನ್ನೆ ನೀನು ಹೇಳಿದೆ: “ಮಂಗಳವಾರ ಗುಡೇಕೋಟಿಗೆ ಮತ್ತ ಹೋಗ್ತೀನಿ. ಎರಡನೇ ಸಲಕ್ಕ ಬಾಗ್ಲಾ ತೆರೀತೈತಿ. ತಿಳಿದಾವ ಬರದಾನ, ಸುಮ್ನ ಬರದಿರಂಗಿಲ್ಲ.”

ತಿಳಿದವನು ಬರೆದದ್ದಲ್ಲ ಅದು. ನಾನು ಹೇಳಿದ್ದು. ಎರಡನೇ ಸಲಕ್ಕೆ ಬಾಗಿಲು ತೆರೆಯುತ್ತದೆಂದು ನನಗೆ ಗೊತ್ತಿಲ್ಲ. ಮತ್ತೊಮ್ಮೆ ಚೊಂಬು ಹೊಸ್ತಿಲ ಮೇಲಿಟ್ಟು ಬರಬೇಕಾದೀತು — ಅದು ಗೊತ್ತಿದ್ದು ನೀನು ಹೋಗಬೇಕು, ಇಲ್ಲವೇ ಬಿಡಬೇಕು.

*

ಸಂಜೆ. ಓದಿ ಬಂದೆ.

ಮುಗಿದ ಮೇಲೆ ನೀನು ಕೇಳಿದ್ದು ಇಷ್ಟೇ: “ತಮ್ಮಗ ಹೇಳಿದ ಆ ಮಾತು ನಿಂದ?”

ನನ್ನದು ಎಂದೆ ನಾನು. ಈಗ ಹೇಳು ಎಂದೆ ನೀನು. ನೆನಪಾದಷ್ಟು ನಾನು ಹೇಳಿದೆ — ನನ್ನನ್ನು ಒಳಗೆ ಕರೆಯಬೇಡ, ಕಟ್ಟೆಯ ಮೇಲೆ ಕೂತಿರುತ್ತೇನೆ, ಕೊನೆಯ ಬಸ್ಸು ಹೋದರೂ ಏಳುವುದಿಲ್ಲ.

“ಕಟ್ಟಿ ಅಲ್ಲಲೇ. ಬೇವಿನ ಗಿಡದ ಬುಡಕ. ಕಟ್ಟಿನೂ ಮನೀದ, ಅದರ ಮ್ಯಾಲೂ ಕೂಡಂಗಿಲ್ಲ ಅಂದಿದ್ದಿ.”

ಹೌದು, ಹಾಗೆಯೇ ಹೇಳಿದ್ದೆ. ನನ್ನಲ್ಲಿ ಉಳಿಯದ್ದು ನಿನ್ನಲ್ಲಿ ಇದ್ದಂತೆಯೇ ಇತ್ತು.

ಆಮೇಲೆ ನೀನು ಅಚ್ಚಿನ ಪುಸ್ತಕ ಕೇಳಿ ತೊಡೆಯ ಮೇಲಿಟ್ಟುಕೊಂಡೆ. ನಾಳೆಯಿಂದ ಇದರಲ್ಲಿ ಇದ್ದದ್ದನ್ನು ಇದ್ದಂತೆ ಓದು ಎಂದೆ. ಮಂಗಳವಾರದ ಮೊದಲ ಬಸ್ಸು ಎಷ್ಟೊತ್ತಿಗೆ ಎಂದೆ. ನಾನೂ ಬರುತ್ತೇನೆ ಎನ್ನುವಷ್ಟರಲ್ಲಿ —

“ಈ ಸಲ ನೀ ಬರಬ್ಯಾಡ. ಕಂಡಕ್ಟರ್‌ಗೆ ಹೇಳಿ ಕುಂದ್ರಿಸು, ಸಾಕು.”

ಸಿಟ್ಟೋ ಅಲ್ಲವೋ ತಿಳಿಯಲಿಲ್ಲ. ಕೇಳಲೂ ಇಲ್ಲ.

ಮನೆಗೆ ಬರುವ ಮೊದಲು ನಿಲ್ದಾಣಕ್ಕೆ ಹೋದೆ. ಮಂಗಳವಾರದ ಕೂಡ್ಲಿಗಿ ಬಸ್ಸಿನ ಕಂಡಕ್ಟರನನ್ನು ಹುಡುಕಿ, ಬಾಗಿಲ ಹತ್ತಿರದ ಸೀಟು ನಿನಗೆಂದು ಹೇಳಿದೆ. ಕೂಡ್ಲಿಗಿಯಲ್ಲಿ ಇಳಿಸಿ ಗುಡೇಕೋಟೆಯ ಬಸ್ಸಿಗೆ ನಿನ್ನನ್ನು ಕೈ ಹಿಡಿದು ಹತ್ತಿಸಬೇಕೆಂದೂ ಹೇಳಿ, ಅವನು ಹೂಂ ಎಂದ ಮೇಲೆಯೇ ಹೊರಟೆ.