ಮೈನ್ ಇಳಿಸಿದವನ ಮಗಳು

ಪೆನಾಂಗ್ ದ್ವೀಪದ ಬಯಾನ್ ಲೆಪಾಸಿನ ಚಿಪ್ ಕಾರ್ಖಾನೆಯಲ್ಲೇ ನಾರ್ಬರ್ಟ್ ಮಸ್ಕರೇನ್ಹಸ್ ತಲೆ ನರೆಸಿಕೊಂಡವರು. ಮಂಗಳೂರಿನ ಬಿಜೈಯಿಂದ ಪೆನಾಂಗಿಗೆ ಬರುವಾಗ ಎರಡು ವರ್ಷ ದುಡಿದು ವಾಪಸಾಗುವ ಲೆಕ್ಕಾಚಾರವಿತ್ತು. ಅಷ್ಟರಲ್ಲಿ ಮದುವೆ, ಮಗ, ಕಾಂಡೋ ಎಲ್ಲ ಆಗಿ ಮಂಡಿಚಿಪ್ಪೂ ಸವೆಯಿತು. ಹರೆಯದಲ್ಲಿ ಕಂಪನಿ ತರಬೇತಿಗೆ ಜರ್ಮನಿಗೆ ಕಳಿಸಿದ್ದರಿಂದ ಆ ಭಾಷೆ ಬರುತ್ತಿತ್ತು. ಅದೇ ಕುತ್ತಾಯಿತು. ಜರ್ಮನಿಯಿಂದ ಯಾರು ಬಂದಿಳಿದರೂ ಊರು ತೋರಿಸಲು ನಾರ್ಬರ್ಟೇ ಆಗಬೇಕು.

ಈ ಸಲ ಬಂದವರು ಕಂಪನಿಯ ನಿರ್ದೇಶಕರೊಬ್ಬರ ತಾಯಿ, ಹೆಲ್ಗಾ. ಯುದ್ಧಕಾಲದಲ್ಲಿ ಅವರ ಅಪ್ಪ ಇದ್ದ ಜಲಾಂತರ್ಗಾಮಿ ಪೆನಾಂಗಿನಲ್ಲಿ ತಂಗಿತ್ತಂತೆ. ಆ ಜಾಗ ನೋಡಬೇಕಂತೆ. ಪ್ಲಾಂಟ್ ಮ್ಯಾನೇಜರ್ ಶ್ರೀಪತಿ, ಮೈಸೂರಿನ ಹುಡುಗ, ನಾರ್ಬರ್ಟರ ಮೇಜಿನ ಹತ್ತಿರವೇ ಬಂದು ಹೇಳಿದ: "ವಯಸ್ಸಾದೋರು ಸಾರ್. ಒಳ್ಳೇದನ್ನೇ ಹೇಳಿ, ಖುಷಿಯಾಗಿ ಕಳಿಸ್ಕೊಡಿ."

"ಶನಿವಾರ ಕೂಡ ರೆಸ್ಟ್ ಇಲ್ವಾ ಮಾರಾಯ್ರೆ ನಿಮ್ಗೆ?" ಎಂದು ಹೆಂಡತಿ ಸೂಸನ್ ಸಿಡುಕಿದಳು.

"ಎಂತ ಮಾಡುದು? ಇಲ್ಲ ಅನ್ಲಿಕ್ಕೂ ಸುಸ್ತು ನಂಗೆ."

ಆದರೂ ಒಪ್ಪಿಕೊಂಡ ಕೆಲಸವನ್ನು ಅರೆಬರೆ ಮಾಡುವ ಜಾಯಮಾನ ಅವರದಲ್ಲ. ವಾರವಿಡೀ ಕಾರ್ಖಾನೆ ಬಸ್ಸಿನಲ್ಲಿ ತೂಕಡಿಸುತ್ತಲೇ ಆ ಹಡಗಿನ ಚರಿತ್ರೆ ಓದಿದರು. ಅದು ನೀರಿನೊಳಗೆ ಮೈನ್ ಇಟ್ಟು ಬರಲೆಂದೇ ಕಟ್ಟಿದ ಜಲಾಂತರ್ಗಾಮಿ. ಹಡಗು ತಾಗುವವರೆಗೆ ಕಾದಿದ್ದು ಸಿಡಿಯುವ ಗುಂಡುಗಳವು. ಮೊದಲ ಯಾನದಲ್ಲಿ ಆಫ್ರಿಕಾದ ದಕ್ಷಿಣದ ಬಂದರೊಂದರ ಬಾಯಲ್ಲಿ ಅವನ್ನು ಇಳಿಸಿ ಬಂತು. ಆಮೇಲೆ ಮೈನ್ ತುಂಬುತ್ತಿದ್ದ ಕೊಳವೆಗಳಿಗೆ ಯುದ್ಧದ ಸರಕಾಗಿ ಪಾದರಸ ತುಂಬಿ ಪೂರ್ವದ ಮಿತ್ರದೇಶದ ಕಡೆ ಅಟ್ಟಿದರು. ಪೆನಾಂಗಿನಲ್ಲಿ ಅದೇ ಕೊಳವೆಗಳಿಗೆ ತವರವೂ ರಬ್ಬರೂ ಬಿದ್ದವು. ಮರಳಿ ಹೊರಟ ಹಡಗು ಮಲಾಕ್ಕಾ ಜಲಸಂಧಿಯಲ್ಲೇ ಮುಳುಗಿತು. ಮಲೇರಿಯಾ ಬಂದು ಪೆನಾಂಗಿನ ಆಸ್ಪತ್ರೆಯಲ್ಲೇ ಮಲಗಿದ್ದ ಹೆಲ್ಗಾರ ಅಪ್ಪ ಬದುಕಿಕೊಂಡರು.

ಶನಿವಾರ ಪೆನಾಂಗಿನ ಜಾರ್ಜ್‌ಟೌನ್ ಹಡಗುಕಟ್ಟೆಯಲ್ಲಿ ಬಿಸಿಲು ಕುದಿಯುತ್ತಿತ್ತು. ಹೆಲ್ಗಾ ಕೊಡೆ ಬಿಡಿಸಿ ನೀರನ್ನೇ ನೋಡುತ್ತ ನಿಂತರು. "ಮೈನ್ ಇಳಿಸುವುದೇ ಅಪ್ಪನ ಕೆಲಸವಾಗಿತ್ತು," ಎಂದರು ಜರ್ಮನ್ ಭಾಷೆಯಲ್ಲಿ. "ತಾವಿಟ್ಟದ್ದು ಯಾರನ್ನೂ ಕೊಲ್ಲಲಿಲ್ಲ ಎಂದು ಸಾಯುವವರೆಗೂ ಹೇಳುತ್ತಿದ್ದರು. ನೀವು ಓದಿದ್ದೀರಲ್ಲ, ನಿಜವೇ?"

ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಿ ಅದನ್ನು ಸಂಭಾಳಿಸುವಷ್ಟು ತ್ರಾಣ ನಾರ್ಬರ್ಟರಲ್ಲಿ ಉಳಿದಿರಲಿಲ್ಲ.

"ಇಲ್ಲ. ಒಂದು ಸರಕು ಹಡಗು ಅದಕ್ಕೆ ತಾಗಿ ಮುಳುಗಿತು. ಒಲೆಗೆ ಕಲ್ಲಿದ್ದಲು ಹಾಕುವವರು, ಅಡುಗೆಯವರು, ಬಹಳ ಮಂದಿ ನಮ್ಮ ಪಡುವಣ ಕರಾವಳಿಯವರು. ದಡ ಸೇರಿದವರು ಕಡಿಮೆ."

ಹೆಲ್ಗಾರ ಮುಖ ಬಿಗಿಯಿತು. "ನನ್ನನ್ನು ಹೋಟೆಲಿಗೆ ಬಿಡಿ."

ಸೋಮವಾರ, ನಿರ್ದೇಶಕರಿಂದ ಫೋನ್ ಬಂದಮೇಲೆ, ಶ್ರೀಪತಿ ಬಾಗಿಲು ಮುಚ್ಚಿ ಕೇಳಿದ: "ಏನ್ ಸಾರ್ ನೀವು! ಸುಮ್ನೆ ಹೌದು ಅಂದಿದ್ರೆ ಆಗ್ತಿರ್ಲಿಲ್ವಾ?"

"ಆಗ್ತಿತ್ತು. ಬಾಯಿಗೆ ಬರ್ಲಿಲ್ಲ ಮಾರಾಯ್ರೆ."

ಪ್ರಮೋಷನ್ನಿನ ಆಸೆ ಇಲ್ಲದವನನ್ನು ಎಷ್ಟು ಬೈದಾನು? ಶ್ರೀಪತಿ ಕೈಚೆಲ್ಲಿದ.

ಗುರುವಾರ ಹೆಲ್ಗಾರೇ ಫೋನ್ ಮಾಡಿದರು. ನಿದ್ದೆಗೆಟ್ಟ ದನಿ. "ಆ ಅಡುಗೆಯವರು ನಿಮ್ಮ ಹಾಗೆ ಕ್ಯಾಥೊಲಿಕರಿರಬಹುದೇ?"

"ಕೆಲವರಾದರೂ ಇದ್ದಿರಬಹುದು."

"ಅವರಿಗಾಗಿ ಪ್ರಾರ್ಥನೆ ಮಾಡಿಸಬಹುದೇ?"

ನಾರ್ಬರ್ಟ್ ತಮ್ಮ ಇಗರ್ಜಿಯ ಪಾದ್ರಿಗಳಿಗೆ ಹೇಳಿದರು. ಸತ್ತವರ ಹೆಸರು ಕೇಳಿದಾಗ ಆ ಸರಕು ಹಡಗಿನ ಹೆಸರನ್ನಷ್ಟೇ ಕೊಡಲು ಸಾಧ್ಯವಾಯಿತು. ಭಾನುವಾರ ಪೂಜೆಯ ನಡುವೆ ಪಾದ್ರಿಗಳು ಆ ಹೆಸರನ್ನೂ, ಅದರಲ್ಲಿದ್ದವರನ್ನೂ ನೆನೆದರು. ಹೆಲ್ಗಾ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂದು ತಿಳಿಯದೆ ಸೂಸನಳನ್ನು ನೋಡಿಕೊಂಡು ಮಾಡುತ್ತಿದ್ದರು. ಪಾದ್ರಿಗಳ ಪ್ರಸಂಗದ ಹೊತ್ತಿಗೆ ನಾರ್ಬರ್ಟರಿಗೆ ಗಾಢ ನಿದ್ದೆ. ಎಲ್ಲರೂ ಎದ್ದಾಗ ಅವರನ್ನು ಮೊಣಕೈಯಿಂದ ತಿವಿದು ಎಬ್ಬಿಸಿದವರು ಹೆಲ್ಗಾರೇ.

ಆಮೇಲೆ ಮೂವರೂ ಎದುರಿನ ಮಾಮಕ್ ಅಂಗಡಿಯಲ್ಲಿ, ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಕೂತರು. ಹೆಲ್ಗಾ ರೊಟ್ಟಿಯನ್ನು ಚೂರುಚೂರು ಮಾಡಿದರು, ತಿನ್ನಲಿಲ್ಲ.

"ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಇನ್ನು ಕೇಳುವ ಹಾಗಿಲ್ಲ," ಎಂದರು. "ಅವರ ಮೇಲಿನ ಪ್ರೀತಿ ಹೋಗಿಬಿಟ್ಟಿದ್ದರೆ ಸುಲಭವಾಗುತ್ತಿತ್ತು. ಹೋಗಲಿಲ್ಲ."

ಸೂಸನಳಿಗೆ ಜರ್ಮನ್ ಬಾರದು. "ಎಂತ ಹೇಳಿದ್ರು?" ಎಂದಳು. ನಾರ್ಬರ್ಟ್ ಹೇಳಿದರು. ಅವಳು ಸಾಂಬಾರಿನ ಬಟ್ಟಲನ್ನು ಹೆಲ್ಗಾರ ಕಡೆ ಸರಿಸಿ, "ಅದ್ದಿಕೊಂಡು ತಿನ್ಲಿ, ಆರಿದ್ರೆ ಒಳ್ಳೇದಾಗುದಿಲ್ಲ," ಎಂದಳು.