ಕ್ಯಾನಿನ್ಯಾಗ ಬಂದ ಮೀನು

ಒಂದು ಮಾತು ಒಪ್ಪಿಕೊಂಡ ಬಿಡ್ತೀನಿ. ಮದುವ್ಯಾಗಿ ಗದಗಿಗೆ ಬಂದು ಮೂವತ್ತು ವರ್ಷಾತು, ಇಲ್ಲಿ ನೀರು ನನಗ ಇನ್ನೂ ರುಚಿ ಹತ್ತಿಲ್ಲ. ಮುಂಡರಗಿ ಕಡೆ ಹೊಳಿದಂಡಿ ಊರು ನನ್ನ ತವರು. ಅಲ್ಲೇ ಲಗ್ನ ಮಾಡಿ ಕೊಟ್ಟ ನಮ್ಮಕ್ಕ ನಾ ಒಯ್ದ ಕ್ಯಾನಿಗೆ ತುಂಗಭದ್ರಾ ನೀರು ತುಂಬಿ ಕೊಡ್ತಾಳ. ಮುಂಜಾನಿ ಬಸ್ಸಿಗೆ ಹೋಗಿ ಸಂಜಿ ಬಸ್ಸಿಗೆ ಹೊತ್ಕೊಂಡ ಬರ್ತೀನಿ. ನಮ್ಮ ನಳಕ್ಕೂ ಅದ ಹೊಳಿ ನೀರು ಬರತೈತಿ ಅಂತ ನಮ್ಮನಿಯವ್ರು ನೂರು ಸಲ ಹೇಳ್ಯಾರ. ಬರ್ಲಿ. ಪೈಪಿನ್ಯಾಗ ಬಂದದ್ದು ಹೊಳಿ ಹೆಂಗಾದೀತು?

ಹ್ವಾದ ಸಲ ಸೋಸಾಕ ಕ್ಯಾನ್ ಬಗ್ಗಿಸಿದ್ರ ಅರಿವಿ ಮ್ಯಾಲ ಒಂದು ಮೀನು! ಕಿರುಬೆರಳಿನ ಎರಡು ಗೆಣ್ಣಿನಷ್ಟು, ಮೈಮ್ಯಾಲ ಬೆಳ್ಳಿ ಗೆರಿ. ಹೆಸರು ಕೇಳಬ್ಯಾಡ್ರಿ, ನಮ್ಮ ಮನ್ಯಾಗ ಮೀನಂದ್ರ ಪಂಚಾಂಗದಾಗಿನ ರಾಶಿ ಅಷ್ಟ. ಆದ್ರ ಗುರ್ತು ಹತ್ತಿತು. ಸಣ್ಣವರಿದ್ದಾಗ ಅಕ್ಕನೂ ನಾನೂ ಅರಿವಿ ಒಗ್ಯಾಕ ಹೋಗಿ ನೀರಾಗ ಕಾಲು ಬಿಟ್ರ, ಕಲ್ಲಿನ ಸಂದಿಯಿಂದ ಇವು ಹಿಂಡುಗಟ್ಟಿ ಬಂದು ಕಾಲು ಕಚ್ಚೂವು. ಮೊದಲ ನಕ್ಕಾಕಿ ಸೋತಂಗ. ಯಾವಾಗ್ಲೂ ನಾನ ಸೋಲತಿದ್ದೆ.

ಗಾಜಿನ ಬರಣ್ಯಾಗ ಬಿಟ್ಟೆ. ತಳ ಹಿಡದು ಕುಂತತು, ಹಿಟ್ಟು ಹಾಕಿದ್ರೂ ಮೂಸಲಿಲ್ಲ. ನಮ್ಮನಿಯವ್ರು ರಿಟೈರ್ ಆದ ವಿಜ್ಞಾನ ಮಾಸ್ತರು, ಪಾಠಕ್ಕ ನೆಪ ಸಿಕ್ತು. ಈ ಹಿಂಡಿಗೆ ಮುಂದಾಳು ಇರಂಗಿಲ್ಲಂತ, ಬಾಜೂದ್ದು ತಿರುಗಿದ್ರ ಇದೂ ತಿರುಗತೈತಂತ. ನಮ್ಮ ಓಣಿ ಹೆಣ್ಮಕ್ಕಳು ಸಂತಿಗೆ ಹೊಂಟಂಗ ಅಂದೆ. ಅವರು ದಾಡಿ ಮಾಡ್ಕೊಳ್ಳೂ ಕನ್ನಡಿ ತಂದು ಬರಣಿಗೆ ಆನಿಸಿದ್ರು. ಖರೇನ, ಕನ್ನಡ್ಯಾಗಿನ ಮೀನಿನ ಬಾಜೂಕ ಅದು ದಿನಾಪೂರ್ತಿ ಈಜಿತು. ಹಿಟ್ಟು ಮಾತ್ರ ಮುಟ್ಟಲಿಲ್ಲ.

ಮರುದಿನ ಅಕ್ಕನ ವಿಡಿಯೋ ಕಾಲ್ ಬಂತು. ದಿನಾ ಬರತೈತಿ. ಫೋನು ಕನ್ನಡಿ ಬಾಜೂಕ ಇಟ್ಟು, ಕ್ಯಾನಿನ್ಯಾಗ ಮೀನು ಹೆಂಗ ಬಂತು ಅಂತ ಕಾಡಿಸಿದೆ.

"ಈಗೀಗ ನನಗ ಸಣ್ಣವು ಕಾಣಂಗಿಲ್ಲ, ತಂಗಿ," ಅಂದ್ಲು.

ದಿನಾ ಆಕಿ ಮುಖ ನೋಡತಿದ್ದೆ, ಆಕಿ ಕಣ್ಣು ಮಂಜಾಗಿದ್ದು ನನಗ ಗೊತ್ತಿರಲಿಲ್ಲ. ಬಾಜೂಕ ಮೀನು ಕನ್ನಡಿಗೆ ಮೂತಿ ಹಚ್ಚಿ ನಿಂತಿತ್ತು. ನನಗ ಅಳು ಬಂತು.

ಮರುದಿನ ಬರಣಿ ತೊಡಿಮ್ಯಾಲ ಇಟ್ಕೊಂಡು ಬಸ್ ಹತ್ತಿದೆ. ಕ್ಯಾನಿನ ಗುರ್ತಿದ್ದ ಕಂಡಕ್ಟರು, ಈ ಸಲ ಗದಗಿನ ನೀರು ಹೊಳಿಗೆ ಒಯ್ಯಾಕತ್ತೀರೇನ್ರಿ ಅಂತ ನಕ್ಕ.

ಅಕ್ಕನ ಕೈ ಹಿಡದು ಹೊಳಿಗಿಳಿಸಿ, ಇಬ್ಬರೂ ನೀರಾಗ ಕಾಲು ಬಿಟ್ಟು ಕುಂತು ಬರಣಿ ಬಗ್ಗಿಸಿದೆ. ಗಳಿಗಿ ಹೊತ್ತು ಅದು ಅಲ್ಲೇ ನಿಂತತು. ಅಷ್ಟರಾಗ ಹಿಂಡು ಬಂತು. ಆಮ್ಯಾಲ ನಮ್ಮದು ಯಾವುದು ಅನ್ನೂದ ತಿಳೀಲಿಲ್ಲ. ಹೋತೇನು ಅಂತ ಅಕ್ಕ ಕೇಳೂದರಾಗ ಕಾಲು ಕಚ್ಚಾಕ ಸುರು ಮಾಡಿದ್ವು. ಅವತ್ತ ಮೊದಲ ನಕ್ಕಾಕಿ ಅಕ್ಕ.

ಬಸ್ಸಿನ ಹೊತ್ತಾತು, ಕ್ಯಾನ್ ಕೊಡು ತುಂಬತೀನಿ ಅಂದ್ಲು.

"ತಂದಿಲ್ಲಕ್ಕಾ," ಅಂದೆ. "ಇನ್ನ ನೀರಡಿಸಿದ್ರ ನಾನ ಇಲ್ಲಿ ಬರತೀನಿ."