ಅಂಬರೀಶನ ಫೋಲ್ಡರುಗಳು
ಮಾನ್ವಿಯ ಸ್ಟುಡಿಯೋದ ಅಂಬರೀಶ ಹಳೆಯ ಹಾರ್ಡ್‌ಡಿಸ್ಕಿನಿಂದ ಹೊಸದಕ್ಕೆ ಫೋಟೊ ಸಾಗಿಸುವುದೆಂದರೆ ಬಾಣಂತಿಯನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸುವಷ್ಟು ಜೋಪಾನ. ವಿಡಿಯೋ, ಹಾಡು ಯಾವುದೂ ಜೊತೆಗೆ ಬರಕೂಡದು. ಜೆಪೆಗ್ ಮತ್ತು ರಾ ಎಂಬ ಫೋಟೊ ಫೈಲುಗಳಷ್ಟೇ ಬರಬೇಕು, ಅವೂ ತಮ್ಮ ತಮ್ಮ ಊರು, ಮನೆಯ ಫೋಲ್ಡರಿನಲ್ಲೇ ಇಳಿಯಬೇಕು. ಬಾಗಲವಾಡದ ಬೀಗರು ಚೀಕಲಪರ್ವಿಯ ಸೀಮಂತದಲ್ಲಿ ಕಂಡರೆ ಅವನಿಗೆ ಊಟ ಸೇರುವುದಿಲ್ಲ. “ಎಲ್ಲಾ ಒಂದ್ಕಡಿ ಸುರುವಿಬಿಡ್ರಿ” ಎಂದವರಿಗೆ, “ಜ್ವಾಳ ಏನ್ರೀ ಸುರುವಾಕ? ಮಂದಿ ಅದಾರ ಒಳಗ” ಎನ್ನುತ್ತಾನೆ. ನೀರಮಾನ್ವಿಯ ‘ಮಲ್ಲೇಶ್ವರಿ ಮದುವೆ’ ಫೋಲ್ಡರ್ ಮಾತ್ರ ಖಾಲಿ. ಹಂದರ ಹಾಕಿದ ಮೇಲೆ ಗಂಡಿನವರು ಒಲ್ಲೆವು ಎಂದಿದ್ದರು. ಖಾಲಿ ಫೋಲ್ಡರ್ ಕೈಬಿಡಲೇ ಎಂದು ಕಂಪ್ಯೂಟರ್ ಪ್ರತಿಸಲ ಕೇಳುತ್ತದೆ; “ಇರ್ಲಿ, ಆಕಿ ಜಾಗ ಅದು” ಎಂದು ಗೊಣಗಿ ಅದನ್ನೂ ಒಯ್ಯುತ್ತಾನೆ. ಮೊನ್ನೆ ಮಲ್ಲೇಶ್ವರಿ ಟೀಚರಾಗಿ, ಗುರುತಿನ ಚೀಟಿಗೆ ಫೋಟೊ ತೆಗೆಸಲು ಬಂದಳು. ಅಂಬರೀಶ ಆ ಫೋಲ್ಡರಿನ ಹೆಸರಿನಿಂದ ‘ಮದುವೆ’ ಎಂಬುದನ್ನಷ್ಟೇ ಅಳಿಸಿ, ಅವಳ ಫೋಟೊವನ್ನು ಅದರೊಳಗೆ ಇಟ್ಟ.